ಬೋರಲು ಹಾಕಿದ ಚೊಂಬು

ಇವತ್ತು ಬೆಳಗ್ಗೆ ದೊಡ್ಡಮ್ಮನ ಹಿತ್ತಾಳೆ ಚೊಂಬು ತೊಳೆದು, ನೀರು ಸೋರಲಿ ಅಂತ ಜಗಲಿ ಮೇಲೆ ಬೋರಲು ಹಾಕಿದೆ. ತಕ್ಷಣ ನೆಟ್ಟಗೆ ಮಾಡಿಟ್ಟೆ. ಯಾಕೆ ಅಂತ ಹೇಳ್ತೀನಿ, ಕೂತ್ಕೊಳ್ಳಿ.

ನಮ್ಮೂರು ತಮಿಳುನಾಡಿನ ಡೆಂಕಣಿಕೋಟೆ ಕಾಡಿನ ಅಂಚು. ಚಳಿ ಬಿತ್ತು ಅಂದರೆ ರಾಗಿ ಕೊಯ್ಲು, ರಾಗಿಯ ಹಿಂದೆಯೇ ಆನೆ. ಆನೆ ಇಳಿದ ಸುದ್ದಿ ಬಂದ ದಿನದಿಂದ, ನನ್ನ ಸಾಕಿದ ದೊಡ್ಡಮ್ಮ ಮಧ್ಯಾಹ್ನದ ಮುದ್ದೆ ಉಂಡು ಚೊಂಬು ಬೋರಲು ಹಾಕಿಬಿಡೋಳು. ಮಾರನೇ ದಿನ ಬಿಸಿಲೇರೋವರೆಗೆ ತೊಟ್ಟು ನೀರಿಲ್ಲ.

"ಕುಡುದ್ರೆ ಕತ್ಲಲ್ಲಿ ಬಯಲಿಗೆ ಹೋಗ್ಬೇಕಾಯ್ತದೆ ಕಣ್ಲಾ. ಅಲ್ಲಿ ಆನೆ ನಿಂತಿರ್ತದೆ. ಚಳೀಲಿ ದಾಹ ಎಲ್ಲಾಯ್ತದೆ, ಬುಡು!"

ಹೊಸೂರಿನ ಫ್ಯಾಕ್ಟರಿಯಲ್ಲಿ "ನಮ್ಮ ದೊಡ್ಡಮ್ಮ ಒಂಟೆ" ಅಂತ ಕೊಚ್ಚಿಕೊಂಡವನು ನಾನೇ. ನನಗೇನು, ಫ್ಯಾಕ್ಟರಿಯಲ್ಲಿ ಕಕ್ಕಸು ಇತ್ತು.

ಆಮೇಲೆ ಮನೆಗೂ ಒಂದು ಕಟ್ಟಿಸಿದೆ. ಅಡುಗೆಮನೆಯಿಂದಲೇ ದಾರಿ, ಸಿಮೆಂಟ್ ಗೋಡೆ, ಕಬ್ಬಿಣದ ಬಾಗಿಲು. ಇಡೀ ಮನೆಯಲ್ಲಿ ಅಷ್ಟು ಗಟ್ಟಿ ಕೋಣೆ ಇನ್ನೊಂದಿಲ್ಲ. ರಾಗಿ ವಾಸನೆಗೆ ಆನೆ ಗೋಡೆ ಕೆಡವೋ ಊರು ನೋಡಿ, ಬುದ್ಧಿವಂತ ನಾನು ಏನು ಮಾಡಿದೆ ಗೊತ್ತೆ? ಒಂದು ದಿನವೂ ಬಳಸದ ಆ ಕಕ್ಕಸಿನ ತುಂಬ ರಾಗಿ ಮೂಟೆ ಜೋಡಿಸಿದೆ. ಪ್ರತಿ ಚಳಿಗಾಲವೂ ಅದೇ. ಊರವರು ಬಂದು ನೋಡಿ ಭೇಷ್ ಅಂದರು.

ಹೋದ ವರ್ಷ ದೊಡ್ಡಮ್ಮನ ಮುಖ, ಕಾಲು ಊದಿಕೊಂಡವು. ಹೊಸೂರಿನ ಡಾಕ್ಟರಮ್ಮ ರಿಪೋರ್ಟ್ ನೋಡಿ, ನೀರೆಷ್ಟು ಕುಡೀತೀರಿ ಅಂತ ತಮಿಳಲ್ಲಿ ಕೇಳಿದರು. ದೊಡ್ಡಮ್ಮ ಹೆಮ್ಮೆಯಿಂದ ಚೊಂಬಿನ ಕಥೆ ಹೇಳಿದಳು. ಡಾಕ್ಟರಮ್ಮ ಬರೆಯೋದು ನಿಲ್ಲಿಸಿದರು.

"ನೀರಿಲ್ಲದೆ, ಮೂತ್ರ ತಡ್ಕೊಂಡೂ ತಡ್ಕೊಂಡೂ ಸೋಂಕು ಮೇಲೇರಿದೆ. ಎರಡೂ ಕಿಡ್ನಿ ಹೋಗಿವೆ. ಚಳಿಯಲ್ಲಿ ದಾಹ ಆಗದಿದ್ರೂ ನೀರು ಬೇಕಲ್ವಾ?" ಆಮೇಲೆ ನನ್ನ ಕಡೆ ತಿರುಗಿದರು. "ಮನೇಲಿ ಕಕ್ಕಸು ಇಲ್ವಾ?"

ಅಯ್ಯೋ ದೇವರೇ!

"ಅದೆ ಕಣಮ್ಮ, ಅದ್ರಲ್ಲಿ ರಾಗಿ ಮಡಗವ್ನೆ," ಅಂದಳು ದೊಡ್ಡಮ್ಮ, ನನ್ನ ಮಾನ ಕಾಪಾಡೋಳ ಹಾಗೆ.

ಈ ಚಳಿಗೆ ಮೂಟೆಗಳು ನಡುಮನೆಯಲ್ಲಿವೆ. ಆನೆ ಬಂದರೆ ಬರಲಿ. ಕಕ್ಕಸಿಗೆ ಲೈಟೂ ಹಾಕಿಸಿದ್ದೀನಿ. ಕಂಡೋರಿಗೆಲ್ಲ ನೀರು ಕುಡೀರಿ, ಕುಡೀರಿ ಅಂತ ಪ್ರಾಣ ತಿಂತೀನಿ. ದೊಡ್ಡಮ್ಮನಿಗೆ ಮಾತ್ರ ಡಯಾಲಿಸಿಸ್. ಕುಡಿದ ನೀರು ಮೈಯಲ್ಲೇ ನಿಲ್ಲುತ್ತೆ, ಅದಕ್ಕೇ ಹೊತ್ತಿಗಿಷ್ಟೇ ನೀರು ಅಂತ ಅಳತೆ.

ನೆಟ್ಟಗಿದ್ದ ಚೊಂಬು ನೋಡಿ ಈಗ ತಾನೇ ಹತ್ತಿರ ಬಂದಳು. "ಬಾಯಾರ್ತದೆ. ಒಂದು ಗುಟುಕು ಕೊಡಪ್ಪ."

ಬೆಳಗಿನ ಪಾಲು ಮುಗಿದಿತ್ತು. "ಮಧ್ಯಾಹ್ನ ಕೊಡ್ತೀನಿ ದೊಡ್ಡಮ್ಮ," ಅಂದೆ.

"ಆಗ್ಲಿ ಬುಡು," ಅಂದವಳು ಬಗ್ಗಿ, ಚೊಂಬನ್ನು ಮತ್ತೆ ಬೋರಲು ಹಾಕಿದಳು.