ಮೂರು ಸಲ ಊದಿದ ಸೀಟಿ

ಹಳೆಯ ಟ್ರಂಕಿನ ತಳದಲ್ಲಿ ಸೀಟಿ ಸಿಕ್ಕಿತು. ಹಿತ್ತಾಳೆಯದು. ಅದರ ಕೆಂಪು ದಾರ ಮಾಸಿ ಕಂದಾಗಿತ್ತು. ತುಟಿಗಿಟ್ಟೆ, ಊದಲಿಲ್ಲ. ಆ ಕಿಲುಬಿನ ರುಚಿ ನಾಲಿಗೆಗೆ ತಾಗಿದ್ದೇ ತಡ, ಡ್ರಿಲ್ ಮಾಸ್ತರು ಕಣ್ಣ ಮುಂದೆ ಬಂದು ನಿಂತರು...

ಕೂಡ್ಲಿಗಿಯ ನಮ್ಮ ಓಣಿಯಲ್ಲಿ ಅವರದು ಎದುರು ಮನೆ. ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಗಾರೆ ಕಲಸಲು ಹೋದವನು, ಮುಂದೆ ಗೌಂಡಿಯಾದೆ. ದುಡಿದು ಉಂಡವನು. ಓದಿದವರ ಮುಂದೆ ಕೈಕಟ್ಟಿ ನಿಂತವನಲ್ಲ. ಮಾಸ್ತರಿಗೆ ಮಾತ್ರ, ನಲವತ್ತು ದಾಟಿದ ಮೇಲೆ, ಶಿಷ್ಯನಾದೆ.

ಅಮಾವಾಸ್ಯೆಯ ದಿನ ನಮ್ಮಲ್ಲಿ ಗೌಂಡಿಗಳು ಕರಣೆ ಮುಟ್ಟುವುದಿಲ್ಲ. ಆ ರಜೆಯ ಮೇಲೆ ಮಾಸ್ತರ ಕಣ್ಣು ಬಿತ್ತು. ಪ್ರತಿ ಅಮಾವಾಸ್ಯೆಗೆ ಅವರ ವ್ಯಾನಿನಲ್ಲಿ ಎರಡೂ ಮನೆಯವರು ಗುಡೇಕೋಟೆ ಕಡೆಗೆ ಹೋಗಿ, ಕರಡಿಗಳಿರುವ ಗುಡ್ಡದ ಬುಡದ ಹೊಲದಲ್ಲಿ ತಾಡಪಾಲು ಕಟ್ಟಿ, ಆಪತ್ತಿಗೆ ಆಗುವ ಕೆಲಸ ಕಲಿಯುತ್ತ ಒಂದು ಹಗಲು ರಾತ್ರಿ ಇದ್ದು ಬರುತ್ತಿದ್ದೆವು.

“ಮನಿ ಇಟ್ಗಂಡು ಕರಡಿ ಹತ್ರ ಮಲಗಾಕ ಹೋಗೋ ಮಂದಿ ನಾವೇ ನೋಡ್ರಿ” ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಮಾಸ್ತರದು ಒಂದು ಕಟ್ಟಳೆ. ಹಗ್ಗ, ಹಾರೆ ನನ್ನವು. ನೀರು, ಬೆಂಕಿಪೊಟ್ಟಣ ನನ್ನವಳವು. ಔಷಧಿ, ವ್ಯಾನು ಅವರವು. ಒಬ್ಬರ ಸಾಮಾನು ಇನ್ನೊಬ್ಬರು ತರುವಂತಿಲ್ಲ. “ಎಲ್ಲಾರೂ ಎಲ್ಲಾ ಹೊತ್ಗಂಡು ಬಂದ್ರ ಯಾರೂ ಯಾರನ್ನೂ ನಂಬಾದಿಲ್ಲ” ಅನ್ನುತ್ತಿದ್ದರು. ಕಣ್ಣಿಗೆ ಟವೆಲ್ ಕಟ್ಟಿ ಚೀಲದೊಳಗಿನ ಹಗ್ಗ ತೆಗೆಸುತ್ತಿದ್ದರು. ಬಂಡೆಗೆ ಹಾರೆ ಕೊಟ್ಟು, ಎದ್ದಷ್ಟಕ್ಕೆ ಕಲ್ಲು ತುರುಕಿ, ಬೆರಳು ಬೆರಳಷ್ಟೇ ಎತ್ತುವುದನ್ನು ಕಲಿಸಿದರು. ಮುರಿದ ಕಾಲಿಗೆ ದಬ್ಬೆ ಕಟ್ಟುವುದನ್ನೂ. ಎಲ್ಲರ ಕೊರಳಿಗೂ ಒಂದೊಂದು ಸೀಟಿ. ಅದನ್ನು ಯಾರು ಮೂರು ಸಲ ಊದಿದರೂ, ಉಳಿದವರು ಉಣ್ಣುವ ತಾಟು ಬಿಟ್ಟು ಬರಬೇಕು.

“ನೀವೂ ಬರ್ತೀರೇನ್ರಿ ಮಾಸ್ತರ?” ಎಂದು ಇವಳು ಕೆಣಕಿದ್ದಳು.

“ಊದಿ ನೋಡವ್ವ. ಬರ್ತೀನಿ.”

ಊರಿಗೆಲ್ಲ ಗೋಡೆ ಕಟ್ಟಿದ ನನ್ನದು ಮಾತ್ರ ಅಪ್ಪನ ಕಾಲದ ಮಣ್ಣಿನ ಮಾಳಿಗೆ. ಒಂದು ವರ್ಷ ಮೂರು ದಿನ ಬಿಡದೆ ಮಳೆ ಹಿಡಿಯಿತು. ಮೂರನೇ ದಿನ ಮಧ್ಯಾಹ್ನ ಹಿಂದಿನ ಗೋಡೆ ಕುಸಿದು, ತೊಲೆ ಇವಳ ಕಾಲ ಮೇಲೆ ಬಿತ್ತು. ಮನೆಯೆಲ್ಲ ಕೆಸರು. ನನ್ನ ಕಣ್ಣ ತುಂಬ ಮಣ್ಣು. ಏನೂ ಕಾಣಲಿಲ್ಲ... ಆದರೆ ಕೈಗೆ ಗೊತ್ತಿತ್ತು. ಬಾಗಿಲ ಹಿಂದಿನ ಹಾರೆ ಸಿಕ್ಕಿತು, ಗೂಟದ ಚೀಲದೊಳಗೆ ಹಗ್ಗ, ಸೀಟಿ ಸಿಕ್ಕವು. ಹಾರೆ ಒತ್ತಿದೆ, ಕಲ್ಲು ತುರುಕಿದೆ, ಮತ್ತೆ ಒತ್ತಿದೆ. ಕಾಲು ಹೊರಬಂತು. ಬಿದಿರು ಸೀಳಿ, ಎರಡೂ ಕಡೆ ಇಟ್ಟು, ಹಗ್ಗದಿಂದ ಬಿಗಿದೆ. ನಮ್ಮ ಪಾಲಿನದು ಅಲ್ಲಿಗೆ ಮುಗಿದಿತ್ತು. ಇನ್ನು ಬೇಕಾದದ್ದು ವ್ಯಾನು.

ಕಣ್ಣು ಒರೆಸಿಕೊಂಡು ಬಾಗಿಲಿಗೆ ಓಡಿದೆ. ಓಣಿಯಲ್ಲಿ ನೀರು ಏರುತ್ತಿತ್ತು. ಮಾಸ್ತರ ವ್ಯಾನು ಆಗಲೇ ಓಣಿಯ ತಿರುವಿನ ಹತ್ತಿರವಿತ್ತು, ಒಳಗೆ ಅವರ ಹೆಂಡತಿ, ಗಂಟುಮೂಟೆ. ಸೀಟಿ ಊದಿದೆ. ಒಂದು. ಎರಡು. ಮೂರು. ಹಿಂದಿನ ಕೆಂಪು ದೀಪ ಹತ್ತಿತು. ವ್ಯಾನು ನಿಂತಿತು. ‘ಬಂದ್ರು’ ಎಂದು ಒಳಗೆ ತಿರುಗಿ ಕೂಗಿಯೂ ಬಿಟ್ಟೆ.

ದೀಪ ಆರಿತು. ವ್ಯಾನು ಹೊರಟುಹೋಯಿತು.

ಇಟ್ಟಿಗೆ ಹೊರುವ ತಳ್ಳುಗಾಡಿಯಲ್ಲಿ ಮಲಗಿಸಿ, ಮೇಲೆ ತಾಡಪಾಲು ಹೊದಿಸಿ, ಮೊಣಕಾಲು ನೀರಿನಲ್ಲಿ ಅವಳನ್ನು ಆಸ್ಪತ್ರೆಗೆ ತಳ್ಳಿಕೊಂಡು ಹೋದೆ. ಡಾಕ್ಟರು ಕಟ್ಟು ಬಿಚ್ಚುತ್ತ ಕೇಳಿದರು: “ಚಲೋ ಕಟ್ಟೀಯಪ್ಪ. ಯಾರ್ ಕಲಿಸಿದ್ರು?”

“ಯಾರೂ ಇಲ್ರಿ” ಎಂದೆ.

ಮಾಸ್ತರು ಹಗರಿಬೊಮ್ಮನಹಳ್ಳಿಯ ಬೀಗರ ಮನೆಯಿಂದ ಬಂದದ್ದು ವಾರದ ಮೇಲೆ. ಹೊಸ್ತಿಲಾಚೆ ನಿಂತರು, ಒಳಗೆ ಬರಲಿಲ್ಲ. “ಕೇಳಿಸ್ಲಿಲ್ಲಪ್ಪ...” ಅಂದರು.

“ಹೌದ್ರಿ, ಮಳಿ ಜೋರಿತ್ತು” ಎಂದೆ.

ಅದೇ ಕೊನೆಯ ಮಾತು. ‘ಹೆದರಿದೆ’ ಎಂದು ಅವರು ಅಂದಿದ್ದರೆ ಕುರ್ಚಿ ಹಾಕಿ ಕೂರಿಸುತ್ತಿದ್ದೆ. ಮಳೆಗೆ ಯಾರು ಹೆದರುವುದಿಲ್ಲ? ಮುಂದೆ ಅವರು ಹರಪನಹಳ್ಳಿಗೆ ಮನೆ ಬದಲಿಸಿದರು. ಹೋದ ವರ್ಷ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ನಾನು ಹೋಗಲಿಲ್ಲ. ಆ ದಿನವೆಲ್ಲ ಕಟ್ಟಿದ ಗೋಡೆಗೆ ತೂಗುಗುಂಡು ಬಿಟ್ಟು ನೋಡಿದರೆ ಸೊಟ್ಟಗಿತ್ತು. ಕೆಡವಿ ಮತ್ತೆ ಕಟ್ಟಿದೆ.

ಅಮಾವಾಸ್ಯೆಗೆ ನಾವಿಬ್ಬರೂ ಈಗಲೂ ಗುಡ್ಡಕ್ಕೆ ಹೋಗುತ್ತೇವೆ, ಬಸ್ಸಿನಲ್ಲಿ. ಹಗ್ಗ, ಬೆಂಕಿಪೊಟ್ಟಣ, ನೀರು, ಔಷಧಿ ಎಲ್ಲ ನನ್ನ ಚೀಲದಲ್ಲೇ. ಹೆಗಲು ಇಳಿದುಹೋಗುತ್ತದೆ, ಆದರೂ ಯಾರ ಕೈಗೂ ಕೊಡುವುದಿಲ್ಲ.

ಇವತ್ತು ಇವಳು ಕುಂಟುತ್ತ ಬಂದು ನನ್ನ ಕೈಯಿಂದ ಸೀಟಿ ಇಸಿದುಕೊಂಡಳು, ಸೆರಗಿನಿಂದ ಒರೆಸಿದಳು, ಕೊರಳಿಗೆ ಹಾಕಿಕೊಂಡಳು.

“ಇದಾರ ನನ್ನ ಹತ್ರ ಇರ್ಲಿ. ನಾ ಊದಿದ್ರ ನೀವ್ ಬರ್ತೀರೇನು?”

ಬರ್ತೀನಿ ಅನ್ನಲು ಬಾಯಿ ತೆರೆದೆ. ಮಾಸ್ತರೂ ಹಾಗೆಯೇ ಅಂದಿದ್ದರು...