ಹೂ ಮುಡಿದ ಬೇಸ್ ಗಿಟಾರ್

ಕುರುಬರಹಳ್ಳಿಯಲ್ಲಿ ಟೊಳ್ಳಾದ ವಸ್ತು ಯಾವುದೇ ಇರಲಿ, ಮರಿಯಪ್ಪ ಅದನ್ನು ಒಮ್ಮೆ ತಟ್ಟಿ ನೋಡದೆ ಮುಂದೆ ಹೋದವನಲ್ಲ. ನೀರಿನ ತೊಟ್ಟಿ, ಸೀಮೆಎಣ್ಣೆ ಪೀಪಾಯಿ, ಅಂಚೆ ಡಬ್ಬ, ಹಲಸಿನಹಣ್ಣು, ನಿಂತ ಲಾರಿಯ ಡೀಸೆಲ್ ಟ್ಯಾಂಕು, ಎಲ್ಲವೂ ಅವನ ಬೆರಳಗೆಣ್ಣಿಗೆ ಕಪ್ಪಕಾಣಿಕೆ ಸಲ್ಲಿಸಿದ್ದವು. ತಟ್ಟುವುದು, ಕಿವಿ ಇಡುವುದು, ಕಣ್ಣು ಮುಚ್ಚುವುದು, ಆಮೇಲೆ ‘ಇದಲ್ಲ’ ಎಂದು ತಲೆಯಾಡಿಸಿ ನಡೆದುಬಿಡುವುದು. ಈ ಕೀರ್ತಿ ಮಾಗಡಿ ರೋಡಿನುದ್ದಕ್ಕೂ ಹರಿದು, ಹೆಗ್ಗನಹಳ್ಳಿ ತಲುಪುವ ಹೊತ್ತಿಗೆ ಚೆನ್ನಾಗಿ ಮೈತುಂಬಿಕೊಂಡಿತ್ತು. ಅವನು ನೆಲ ತಟ್ಟಿದರೆ ಅಡಿಯಲ್ಲಿ ನೀರು ಎಲ್ಲಿದೆಯೆಂದು ಗೊತ್ತಾಗುತ್ತದಂತೆ, ಗೋಡೆ ತಟ್ಟಿದರೆ ಒಳಗೆ ಹೂತಿಟ್ಟ ಬಂಗಾರ ತಾನಾಗಿ ಓಗೊಡುತ್ತದಂತೆ. ಅದೇ ಹೆಗ್ಗನಹಳ್ಳಿಗೆ ಒಮ್ಮೆ ಹೆಣ್ಣು ನೋಡಲು ಹೋದವನು ಹೆಣ್ಣು ಬರುವ ಮೊದಲೇ ಬಚ್ಚಲಮನೆ ಹೊಕ್ಕು ಅವರ ತಾಮ್ರದ ಹಂಡೆಗೆ ಕಿವಿಯಿಟ್ಟು ಕೂತುಬಿಟ್ಟ. ಸಂಬಂಧ ಮುರಿದುಬಿತ್ತು. ಮರಿಯಪ್ಪನಿಗೂ ಬೇಸರವಾಯಿತು. ನೋಡಲು ಅಷ್ಟು ದೊಡ್ಡದಾಗಿದ್ದ ಹಂಡೆ ಒಳ್ಳೆಯ ಸದ್ದನ್ನೇ ಕೊಡಲಿಲ್ಲವಲ್ಲ ಎಂದು.

ಅವನು ಹುಡುಕುತ್ತಿದ್ದದ್ದು ತನ್ನ ಬೇಸ್ ಗಿಟಾರಿಗೆ ಒಂದು ಸದ್ದನ್ನು.

ಎಪ್ಪತ್ತರ ದಶಕದ ನಡುಭಾಗದ ಮಾತು. ಮರಿಯಪ್ಪನ ಮನೆಯವರ ಹೊಲಗಳೆಲ್ಲ ಬಡಾವಣೆಯಾಗಿ, ಉಳಿದ ತುಂಡು ಜಾಗದಲ್ಲಿ ಒಂದು ಸೌದೆ ಡಿಪೋ ಇತ್ತು. ತಾಯಿ ಲಿಂಗಮ್ಮ ತಕ್ಕಡಿಯ ಪಕ್ಕ ಕೂತು ವ್ಯಾಪಾರ ಆಳುತ್ತಿದ್ದಳು. ಮೂವತ್ತು ದಾಟಿದ ಮಗ ಹಗಲು ಸೌದೆ ಒಡೆಸುತ್ತಿದ್ದ, ಸಂಜೆ ಗೋಪೀನಾಥನ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದ. ಆಸ್ಟ್ರೇಲಿಯಾಕ್ಕೆ ಹೊರಟು ನಿಂತ ಕಂಟೋನ್ಮೆಂಟಿನ ಬ್ಯಾಂಡಿನವನೊಬ್ಬನಿಂದ ಕೊಂಡ ಗಿಟಾರು ಅದು. ನಾಲ್ಕೇ ತಂತಿ, ಒಂದೊಂದೂ ಬಾವಿ ಹಗ್ಗದ ತಮ್ಮನಷ್ಟು ದಪ್ಪ. ಉಳಿದವರು ಹಾಡಿನ ಗೋಡೆ ಕಟ್ಟಿ ಬಣ್ಣ ಬಳಿಯುವಾಗ ಅಡಿಯಲ್ಲಿ ಪಾಯ ಹಾಕುವುದು ಅದರ ಕೆಲಸ.

ಎಂಥ ಪಾಯ ಬೇಕೆಂಬುದು ಮರಿಯಪ್ಪನಿಗೆ ಎಳೆತನದಿಂದಲೇ ಗೊತ್ತಿತ್ತು. ಅವರ ಹಿತ್ತಲಿನಲ್ಲಿ ರಾಗಿ ತುಂಬಲು ನೆಲದಲ್ಲಿ ತೋಡಿದ ಹಗೇವು ಇತ್ತು. ಬರಿದಾದ ಹಗೇವಿನ ಬಾಯಿಗೆ ಚಪ್ಪಡಿ ಎಳೆದು ಬಿಟ್ಟರೆ ನೆಲದೊಳಗಿಂದ ‘ಘುಂ’ ಎಂದು ಒಂದು ಸದ್ದು ಏಳುತ್ತಿತ್ತು. ಕಿವಿಗೆ ಬರುವ ಮೊದಲು ಅದು ಅಂಗಾಲಿಗೆ ಬರುತ್ತಿತ್ತು. ಬಡಾವಣೆಯವರು ಹಗೇವನ್ನು ಮುಚ್ಚಿ ಮೇಲೆ ರಸ್ತೆ ಹಾಕಿದರು. ಸದ್ದು ಒಳಗೇ ಉಳಿದುಹೋಯಿತು.

ಅದನ್ನು ಹೊರತರಲು ಮರಿಯಪ್ಪ ಕೈಗೊಂಡ ದಂಡಯಾತ್ರೆಗಳನ್ನು ಹಾಡಿ ಹೊಗಳಲು ಕವಿಗಳಿರಲಿಲ್ಲ, ಬೈಯಲು ಅಕ್ಕಪಕ್ಕದವರಿದ್ದರು. ಸ್ಪೀಕರನ್ನು ಪೀಪಾಯಿಯೊಳಗಿಳಿಸಿದ. ಪಾಳುಬಾವಿಯ ಬಾಯಿಗಿಟ್ಟ. ಹುಣಸೆ ಕೊರಡುಗಳ ಕೆಳಗೆ ಹೂತ. ತನ್ನ ಕೋಳಿಗಳು ಮೊಟ್ಟೆಯಿಡುವುದನ್ನು ನಿಲ್ಲಿಸಿವೆಯೆಂದು ಪಕ್ಕದ ಮನೆಯ ಹನುಮಕ್ಕ ಬೀದಿಯಲ್ಲಿ ನಿಂತು ಸಾರಿದಳು. ಕೋಳಿಗಳು ಸೋತರೂ ಗಿಟಾರು ಮಣಿಯಲಿಲ್ಲ. ಚಮಚದಿಂದ ಸ್ಟೀಲಿನ ಲೋಟ ಬಡಿದಂತೆ ಟಿಣ್ ಟಿಣ್ ಎನ್ನುತ್ತಲೇ ಇತ್ತು.

ಗೋಪೀನಾಥನಿಗೆ ಬೇಕಾಗಿದ್ದದ್ದು ಆ ಟಿಣ್ ಟಿಣ್ಣೇ. ಅವನು ಹಗಲು ರಾಜಾಜಿನಗರದ ಒಂದು ಬ್ಯಾಂಕಿನಲ್ಲಿ ಗುಮಾಸ್ತ, ಸಂಜೆ ಅಕಾರ್ಡಿಯನ್ ಹೊತ್ತ ಸಾಮ್ರಾಟ. ಪ್ರತಿ ಸ್ವರವೂ ಕೊನೇ ಸಾಲಿನವನಿಗೆ ಸ್ಪಷ್ಟವಾಗಿ ಕೇಳಬೇಕೆಂಬುದು ಅವನ ಶಾಸನ. ಪ್ರಾಕ್ಟೀಸಿನ ದಿನ ಮರಿಯಪ್ಪ ಗಿಟಾರಿನ ಗುಂಡಿ ತಿರುಗಿಸಿ ಸದ್ದನ್ನು ಮಂದ್ರಕ್ಕಿಳಿಸುತ್ತಿದ್ದ, ಗೋಪೀನಾಥ ಬಂದು ತಾರಕ್ಕೇರಿಸುತ್ತಿದ್ದ. ಗುಂಡಿ ಒಂದು ದಿನ ಕೈಗೇ ಬಂತು. ಆಗ ಗೋಪೀನಾಥ ಕೊನೆಯ ಮಾತು ಹೇಳಿದ: ವಿಜಯದಶಮಿಗೆ ಗೋವಿಂದರಾಜನಗರದ ಸಂಘದವರ ಕಾರ್ಯಕ್ರಮವಿದೆ, ಅಲ್ಲಿ ಸದ್ದು ಶುದ್ಧವಾಗಿರಬೇಕು, ಇಲ್ಲದಿದ್ದರೆ ಮರಿಯಪ್ಪನ ಜಾಗಕ್ಕೆ ವೆಂಕಟೇಶ್ ಬರುತ್ತಾನೆ. ವೆಂಕಟೇಶನ ಹತ್ತಿರ ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಹೊಸ ಗಿಟಾರಿತ್ತು.

ಹಬ್ಬದ ಹಿಂದಿನ ದಿನ ಆಯುಧಪೂಜೆ. ಡಿಪೋದ ಆಯುಧಗಳೆಲ್ಲ ಸಾಲಾಗಿ ನಿಂತವು: ಕೊಡಲಿಗಳು, ಸೌದೆ ಸೀಳುವ ಬೆಣೆಗಳು, ತಕ್ಕಡಿ, ಸೈಕಲ್ಲು, ಕೊನೆಯಲ್ಲಿ ಬೇಸ್ ಗಿಟಾರು. ಲಿಂಗಮ್ಮ ಯಾರಿಗೂ ಪಂಕ್ತಿಭೇದ ಮಾಡಲಿಲ್ಲ. ಕೊಡಲಿಗೆ ಹೇಗೋ ಗಿಟಾರಿಗೂ ಹಾಗೆಯೇ, ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ನಾಲ್ಕೂ ತಂತಿಗಳನ್ನು ಮೇಲಿಂದ ಕೆಳತನಕ ಮತ್ತೆ ಮತ್ತೆ ತೀಡಿದಳು. ಅರಿಸಿನ ಕುಂಕುಮ ಇಟ್ಟಳು. ಸೇವಂತಿಗೆ ಹಾರ ಜಾರಿ ಜಾರಿ ಬೀಳುತ್ತಿತ್ತೆಂದು ಅದನ್ನು ಸುತ್ತಿ ತಂತಿಗಳ ಬುಡದ ಅಡಿಗೆ ಗಟ್ಟಿಯಾಗಿ ತುರುಕಿದಳು.

ಸ್ನಾನ ಮಾಡಿ ಬಂದ ಮರಿಯಪ್ಪ ಬಾಗಿಲಲ್ಲೇ ಕಲ್ಲಾದ. ಹೊಸ ತಂತಿ, ನಾಳೆ ಕಾರ್ಯಕ್ರಮ ಎಂದು ಗೋಳಾಡಿದ.

“ಕಬ್ಬಿಣ ಕಣೋ ಅದು” ಎಂದಳು ಲಿಂಗಮ್ಮ. “ಎಣ್ಣೆ ಹಾಕ್ದಿದ್ರೆ ತುಕ್ಕು ಹಿಡಿಯಲ್ವಾ? ಹೂ ಮಾತ್ರ ಮುಟ್ಬ್ಯಾಡ. ಅದಾಗೇ ಒಣಗಿ ಉದುರ್ಲಿ.”

ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ಮರುದಿನ ಮಂಗಳಾರತಿ ಆಗುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು. ಮರಿಯಪ್ಪ ಎಣ್ಣೆ, ಅರಿಸಿನ, ಹೂವಿನ ಸಮೇತ ಗಿಟಾರನ್ನು ಗೋಣಿಯಲ್ಲಿ ಸುತ್ತಿ, ತನ್ನ ಸ್ಪೀಕರ್ ಬಾಕ್ಸಿನ ಜೊತೆ ಸೌದೆ ಗಾಡಿಗೆ ಹೇರಿಕೊಂಡು ಗಲ್ಲಿಗೇರಲು ಹೊರಟವನಂತೆ ಹೊರಟ.

ಗೋವಿಂದರಾಜನಗರದಲ್ಲಿ ಪೀಪಾಯಿಗಳ ಮೇಲೆ ಹಲಗೆ ಹಾಸಿದ ವೇದಿಕೆ. ಮೊದಲ ಹಾಡು ಶುರುವಾಯಿತು. ಮರಿಯಪ್ಪ ಕಣ್ಣು ಮುಚ್ಚಿ, ಆದದ್ದಾಗಲಿ ಎಂದು ದಪ್ಪ ತಂತಿಯನ್ನು ಮೀಟಿದ.

ಘುಂ.

ಮೊದಲು ಅಂಗಾಲಿಗೆ ಬಂತು. ಆಮೇಲೆ ಮೊಣಕಾಲಿಗೆ, ಹೊಟ್ಟೆಗೆ, ಕಟ್ಟಕಡೆಗೆ ಕಿವಿಗೆ. ಎಣ್ಣೆ ಕುಡಿದ ತಂತಿ ತನ್ನ ಟಿಣ್ಣನ್ನು ಮರೆತಿತ್ತು, ಬುಡದಲ್ಲಿದ್ದ ಹೂವು ಅದರ ಬಾಲ ಹಿಡಿದು ಕೂರಿಸಿತ್ತು. ಚಪ್ಪಡಿ ಸರಿದು ಹಗೇವು ಬಾಯಿಬಿಟ್ಟಿತ್ತು. ಮರಿಯಪ್ಪ ಇನ್ನೊಮ್ಮೆ ಮೀಟಿದ. ಜೀವಮಾನದಲ್ಲಿ ಮೊದಲ ಸಲ ‘ಇದೇ’ ಎಂದ.

ಹಾಡು ಮುಗಿಯುತ್ತಲೇ ಗೋಪೀನಾಥ ಅಕಾರ್ಡಿಯನ್ ಹೊತ್ತೇ ಧಾವಿಸಿ ಬಂದ.

“ಏನಯ್ಯ ಅದು ಸದ್ದು? ಒದ್ದೆ ಗೋಣಿಚೀಲ ಬಡಿದ ಹಾಗಿದೆ. ಆ ಹೂ ಕಿತ್ ಬಿಸಾಕು.”

“ಕೀಳಲ್ಲ, ಗೋಪಿ ಸಾರ್.”

“ಹಾಗಾದ್ರೆ ಇಳಿ ಕೆಳಗೆ. ವೆಂಕಟೇಶ್ ಕಾಯ್ತಾ ಇದಾನೆ.”

“ಇಳಿಯೋದೂ ಇಲ್ಲ.”

ಇಷ್ಟು ಹೇಳಿ ಮರಿಯಪ್ಪ ಹಿಂದೆ ಸರಿದು ತನ್ನ ಸ್ಪೀಕರ್ ಬಾಕ್ಸಿನ ಮೇಲೆ ಕೂತ. ಕಾಲು ಅಗಲಿಸಿ, ತೊಡೆಯ ಮೇಲೆ ಗಿಟಾರಿಟ್ಟುಕೊಂಡು, ಪಟ್ಟಾಭಿಷೇಕವಾದ ಅರಸನಂತೆ ಕೂತ. ವೆಂಕಟೇಶ್ ತನ್ನ ಹೊಳೆಯುವ ಗಿಟಾರಿನ ವೈರು ಹಿಡಿದು ಬಂದ. ಅದನ್ನು ಚುಚ್ಚಬೇಕಾದ ತೂತು ಸಿಂಹಾಸನದ ಹಿಂಬದಿಯಲ್ಲಿತ್ತು. ಮೂರು ಕಡೆಯಿಂದ ಪ್ರಯತ್ನಿಸಿದ. ಮರಿಯಪ್ಪ ಮೂರು ಕಡೆಗೂ ವಾಲಿದ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತ್ತು. ಸಂಘದ ಅಧ್ಯಕ್ಷ ದೊಡ್ಡಣ್ಣ ಮೆಲ್ಲಗೆ ಎದ್ದು ನಿಂತ. ಹೆಸರಿಗೆ ತಕ್ಕ ಆಳು.

“ಏನ್ ಸಾರ್, ಹಬ್ಬದ ದಿನ ಪೂಜೆ ಹೂ ಕಿತ್ ಹಾಕು ಅಂತೀರಾ? ಅದು ಹಂಗೇ ಇರ್ಲಿ. ನೀವು ಹಾಡ್ ಹೇಳ್ಸಿ.”

ಜನ ಹೌದೆಂದರು. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಹೂ ಇರುವುದು ಪೂಜೆಗಲ್ಲ, ಸದ್ದಿಗೆ ಎಂದು ಹೇಳಲು ಮರಿಯಪ್ಪ ಬಾಯಿ ತೆರೆದ. ಆದರೆ ಗೋಪೀನಾಥ ಗಾಬರಿಯಲ್ಲಿ ಮುಂದಿನ ಹಾಡು ಎತ್ತಿಬಿಟ್ಟಿದ್ದ. ಆ ಸಂಜೆ ಗೋವಿಂದರಾಜನಗರದ ಅಂಗಾಲುಗಳಿಗೆ ತಾವು ಇರುವುದು ಮೊದಲ ಸಲ ನೆನಪಾಯಿತು.

ಆಮೇಲೆ ಕಥೆಗೆ ಕಾಲು ಬಂತು. ಮರಿಯಪ್ಪ ಚಿಕ್ಕಂದಿನಲ್ಲೇ ಹರಕೆ ಹೊತ್ತಿದ್ದನಂತೆ. ಅವನು ಮೀಟಿದಾಗ ಹೂವಿನಿಂದ ಪ್ರಸಾದ ಬೀಳುತ್ತದಂತೆ. ಆ ಸದ್ದಿಗೆ ಗುಡಿಯ ಅಮ್ಮನವರು ಕಿರೀಟ ಅಲ್ಲಾಡಿಸಿದ್ದನ್ನು ವಿಜಯನಗರದಲ್ಲಿ ಕಂಡವರಿದ್ದರು. ಗಣೇಶನ ಹಬ್ಬಕ್ಕೂ ರಾಜ್ಯೋತ್ಸವಕ್ಕೂ ಜನ ‘ಹೂವಿನ ಗಿಟಾರಿನ ಪಾರ್ಟಿ’ಯನ್ನೇ ಕೇಳಿಕೊಂಡು ಬಂದರು. ಗೋಪೀನಾಥ ತನ್ನ ಶಾಸನವನ್ನು ಸದ್ದಿಲ್ಲದೆ ಮಡಿಸಿಟ್ಟು, ಸೇವಂತಿಗೆ ತರುವ ಕೆಲಸ ತಾನೇ ವಹಿಸಿಕೊಂಡ. ಈ ನಡುವೆ ಮನೆಯಲ್ಲಿ ಒಂದು ದಿನ ಹೂ ಇರಲಿಲ್ಲ. ಮರಿಯಪ್ಪ ಅಡುಗೆಮನೆಯಿಂದ ಕೈಗೆ ಸಿಕ್ಕಿದ್ದೊಂದನ್ನು ತಂದು ತಂತಿಯಡಿಗೆ ತುರುಕಿ ನುಡಿಸಿ ನೋಡಿದ, ತೃಪ್ತನಾದ, ಸುಮ್ಮನಾದ. ಅವನನ್ನು ಯಾರೂ ಕೇಳಲಿಲ್ಲ.

ಮರುವರ್ಷದ ವಿಜಯದಶಮಿಗೆ ಅದೇ ವೇದಿಕೆಯಲ್ಲಿ ಸನ್ಮಾನ. ಮೈಸೂರು ಪೇಟ, ಶಾಲು, ಗಂಧದ ಹಾರ. ಮುಂದಿನ ಸಾಲಿನಲ್ಲಿ ವೆಂಕಟೇಶ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಆಸೆ ಇನ್ನೂ ಸತ್ತಿರಲಿಲ್ಲ. ಗೋಪೀನಾಥ ಮರಿಯಪ್ಪನ ಕಿವಿಯ ಹತ್ತಿರ ಬಗ್ಗಿ ಬೇಡಿಕೊಂಡ.

“ಎಲ್ಲಾ ಅಮ್ಮನೋರ ದಯೆ ಅಂತ ಒಂದ್ ಮಾತು ಅಂದ್ಬಿಡಯ್ಯ. ಬೇರೆ ಏನಾದ್ರೂ ಅಂದ್ರೆ ನಾಳೆಯಿಂದ ನಮ್ಮನ್ನ ಯಾರೂ ಕರೆಯಲ್ಲ. ಆಮೇಲೆ ನಿನ್ನ ಜಾಗನೂ ಇರಲ್ಲ, ನಂದೂ ಇರಲ್ಲ.”

ದೊಡ್ಡಣ್ಣ ಮೈಕು ಹಿಡಿದು, ಇಂಥ ಭಕ್ತ ನಮ್ಮ ಮಧ್ಯೆ ಹುಟ್ಟಿದ್ದು ಕುರುಬರಹಳ್ಳಿಯ ಪುಣ್ಯವೋ ಗೋವಿಂದರಾಜನಗರದ ಪುಣ್ಯವೋ ಎಂದು ಸಾಕಷ್ಟು ಹೊತ್ತು ತೂಗಿ, ಕೊನೆಗೆ ಮೈಕನ್ನು ಮರಿಯಪ್ಪನ ಮುಂದೆ ಚಾಚಿ ಕೇಳಿದ: “ಹೇಳಪ್ಪ ಮರಿಯಪ್ಪ, ಆ ಹೂವಿನ ಮಹಿಮೆ ಏನು?”

ಸಭೆ ಕೈಮುಗಿದು ಕಾಯಿತು. ಮರಿಯಪ್ಪ ಜಾರುತ್ತಿದ್ದ ಪೇಟವನ್ನು ಹಿಂದಕ್ಕೆ ತಳ್ಳಿ, ಮೈಕನ್ನು ಅಭ್ಯಾಸಬಲದಿಂದ ಒಮ್ಮೆ ತಟ್ಟಿ ನೋಡಿ, ಹೇಳಿದ:

“ಮಹಿಮೆ ಏನಿಲ್ಲಣ್ಣ. ಹೂ ಸಿಗ್ದಿದ್ರೆ ಮಸಿಬಟ್ಟೆ ಇಡ್ತೀನಿ. ಅದ್ರಲ್ಲೂ ಇದೇ ಸದ್ದು ಬರ್ತದೆ.”