ಉಪ್ಪುನೀರಣ್ಣ ಕಟ್ಟಿಸಿದ ಹವಳದ ಮನೆ

ನೀರು ಹಗುರ ಎಂದು ಯಾರಾದರೂ ಹೇಳಿದರೆ ಅವರು ಜೀವಮಾನದಲ್ಲಿ ಒಂದು ಬಕೆಟ್ ನೀರನ್ನೂ ಮಹಡಿ ಹತ್ತಿಸಿದವರಲ್ಲ ಎಂದೇ ಅರ್ಥ. ಉಪ್ಪುನೀರಣ್ಣ ಹತ್ತಿಸಿದ್ದ. ವರ್ಷಗಟ್ಟಲೆ ಹತ್ತಿಸಿದ್ದ. ಬಾಡಿಗೆ ಮನೆಯ ಎರಡನೇ ಮಹಡಿಯ ಹಾಲಿನಲ್ಲಿ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು, ತೊಟ್ಟಿಗಳ ತುಂಬ ಉಪ್ಪು ಬೆರೆಸಿದ ನೀರು, ನೀರಿನೊಳಗೆ ಬಂಡೆ, ಬಂಡೆಯ ಮೇಲೆ ಜೀವಂತ ಹವಳ, ಹವಳದ ಸುತ್ತ ನಾಲ್ಕಾರು ಬಣ್ಣದ ಮೀನು. ಕಸುಬಿನಲ್ಲಿ ಅವನು ಪ್ಲಂಬರ್. ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಆದರೆ ಅಂಗಿಯ ತೋಳಿನ ಮೇಲೆ ಸದಾ ಒಣಗಿದ ಉಪ್ಪಿನ ಬಿಳಿ ಗೀರು ಇರುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರೇ ಗಟ್ಟಿಯಾಗಿ ಉಳಿಯಿತು.

ಅವನಿಗೆ ಇದ್ದವಳು ಅಕ್ಕ ಒಬ್ಬಳೇ. ಅಮ್ಮ ತೀರಿಕೊಂಡಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಅಂದಿನಿಂದ ಅವನ ಪಾಲಿಗೆ ಅಪ್ಪ, ಅಮ್ಮ, ಪೊಲೀಸು ಎಲ್ಲ ಅಕ್ಕನೇ. ಮನೆಯಲ್ಲೇ ಕೂತು ಬಟ್ಟೆ ಹೊಲಿದು ಅವನನ್ನು ಸಾಕಿದಳು. ಅವಳಿಗೆ ಮದುವೆಯ ಮಾತು ಬಂದಾಗ "ಇವನಿಗೆ ಯಾರು ಊಟ ಹಾಕ್ತಾರೆ?" ಎಂದು ಅವಳು ತಳ್ಳಿದಳು. ಅವನಿಗೆ ಬಂದಾಗ "ಅಕ್ಕನ್ನ ಯಾರು ನೋಡ್ಕೋತಾರೆ?" ಎಂದು ಅವನು ತಳ್ಳಿದ. ಹೀಗೆ ತಳ್ಳುತ್ತಾ ತಳ್ಳುತ್ತಾ ಇಬ್ಬರ ತಲೆಯೂ ಬೆಳ್ಳಗಾಯಿತು, ಜಗಳ ಮಾತ್ರ ಚಿಕ್ಕಂದಿನದೇ ಉಳಿಯಿತು.

ಹವಳದ ಹುಚ್ಚು ಹತ್ತಿದ್ದು ಯಾರದೋ ಮನೆಯ ಮೀನಿನ ತೊಟ್ಟಿಯ ಒಂದು ಕೆಟ್ಟ ಪಂಪಿನಿಂದ. ಅದನ್ನು ರಿಪೇರಿ ಮಾಡಿಸಿಕೊಂಡ ಮನೆಯವರು ಊರು ಬಿಡುವಾಗ ಹೆಬ್ಬೆರಳು ಗಾತ್ರದ ಹವಳದ ಚೂರೊಂದನ್ನು ಅವನ ಕೈಗಿಟ್ಟು ಹೋದರು. ಅವನು ಅದನ್ನು ಅದೇ ತೊಟ್ಟಿಯ ಉಪ್ಪುನೀರು ತುಂಬಿದ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದ.

"ಏನೋ ಇದು, ಕಲ್ಲಾ?" ಎಂದಳು ಅಕ್ಕ.

"ಕಲ್ಲಲ್ಲ ಅಕ್ಕ, ಇದಕ್ಕೆ ಜೀವ ಇದೆ."

"ಕಲ್ಲಿಗೆ ಜೀವ ಇದ್ಯಂತೆ! ಇವನಿಗೆ ಬುದ್ಧಿ ಇಲ್ವಂತೆ!"

ಸಂಜೆ ಹೊತ್ತಿಗೆ ಆ ಕಲ್ಲು ಮೈತುಂಬ ಸಣ್ಣ ಸಣ್ಣ ಬೆರಳು ಬಿಚ್ಚಿ ನೀರಿನಲ್ಲಿ ಆಡಿಸತೊಡಗಿದಾಗ ಮಿಷನ್ ತುಳಿಯುತ್ತಿದ್ದ ಅಕ್ಕನ ಕಾಲು ತಾನಾಗಿ ನಿಂತುಹೋಯಿತು. "ಅಯ್ಯೋ, ಪಾಪ, ಹಸಿವಾಗಿರ್ಬೇಕು ಕಣೋ ಇದಕ್ಕೆ" ಎಂದಳು. ಮುಗಿಯಿತು, ಆ ಮನೆಯೊಳಗೆ ಸಮುದ್ರ ಕಾಲಿಟ್ಟೇಬಿಟ್ಟಿತು. ಒಂದು ತೊಟ್ಟಿ ಎರಡಾಯಿತು, ಎರಡು ನಾಲ್ಕಾದವು. ಅವನು ಹಗಲೆಲ್ಲ ಊರವರ ನಲ್ಲಿ ತಿರುಗಿಸುತ್ತಾ ಅಲೆಯುವವನು. ತೊಟ್ಟಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದವಳು ಅಕ್ಕ. ಕಿಟಕಿಯ ಪಕ್ಕದಲ್ಲಿ ಅವಳ ಮಿಷನ್ನು, ಮಿಷನ್ನಿನ ಎಡಗಡೆ ತೊಟ್ಟಿಗಳ ಸಾಲು. "ಲೋ, ಕೊನೇ ತೊಟ್ಟಿ ಮೋಟರ್ ಕೆಮ್ತಾ ಇದೆ, ಬೇಗ ಬಾ" ಎಂದು ಫೋನ್ ಬಂತೆಂದರೆ ಅವನು ಯಾರ ಮನೆಯ ಪೈಪು ಬಿಚ್ಚಿಟ್ಟಿದ್ದರೂ ಓಡಿಬರಬೇಕು. ಅಕ್ಕನ ಕಿವಿ ಒಮ್ಮೆಯೂ ತಪ್ಪಿದ್ದಿಲ್ಲ.

ಹೀಗಿರುವಾಗ ಕೆಳಗಿನ ಮಹಡಿಯಲ್ಲೇ ಇದ್ದ ಮನೆ ಯಜಮಾನರು ಒಂದು ಬೆಳಿಗ್ಗೆ ಅವನನ್ನು ಕರೆದು ತಮ್ಮ ಚಾವಣಿ ತೋರಿಸಿದರು. ಈ ಗೋಡೆಯಿಂದ ಆ ಗೋಡೆಯವರೆಗೆ ಬಿರುಕು. ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. "ನೋಡಪ್ಪಾ, ನಿನ್ ಮೀನು ನನ್ ತಲೆ ಮೇಲೆ ಬೀಳೋದ್ರೊಳಗೆ ಏನಾದ್ರೂ ದಾರಿ ಮಾಡು" ಎಂದರು, ಅಷ್ಟೇ.

ದಾರಿ ಒಂದೇ ಇತ್ತು. ಎರಡು ಬೀದಿ ಆಚೆ ಅಮ್ಮ ಬಿಟ್ಟುಹೋದ ಸೈಟು ಕಳೆ ಬೆಳೆದುಕೊಂಡು ಬಿದ್ದಿತ್ತು. ಅಲ್ಲಿ ತೊಟ್ಟಿಗಳಿಗಾಗಿಯೇ ನೆಲಮಟ್ಟದಲ್ಲಿ ಒಂದು ಕಟ್ಟಡ ಕಟ್ಟಿಸುವುದು, ಹಿಂದುಗಡೆ ಎರಡು ರೂಮು, ಒಂದು ಅಡುಗೆಮನೆ ಮಾಡಿಕೊಂಡು ಇಬ್ಬರೂ ಅಲ್ಲಿಗೇ ಹೋಗಿಬಿಡುವುದು. ಕಟ್ಟಿಸಲಾ ಎಂದು ಅಕ್ಕನನ್ನು ಕೇಳಿದ. "ನಿಂಗೆ ಹೇಗೆ ಬೇಕೋ ಹಾಗೆ ಕಟ್ಟಿಸ್ಕೋ. ನಂದೇನಿದೆ, ಒಂದು ಮಿಷನ್ನು, ಒಂದು ಚಾಪೆ" ಎಂದಳು. ಅವನು ನಂಬಿಬಿಟ್ಟ. ಗಂಡಸರು ಇಂಥ ಮಾತನ್ನು ಬಹಳ ಬೇಗ ನಂಬುತ್ತಾರೆ.

ಆಮೇಲೆ ನೋಡಬೇಕಿತ್ತು ಅವನ ಸಡಗರ! ಪಾಯ ತೋಡುವಾಗ ಸೊಂಟಮಟ್ಟದ ಗುಂಡಿ ಸಾಲದು ಎಂದು ಇನ್ನೂ ತೋಡಿಸಿದ. ತೊಟ್ಟಿ ಕೂರುವ ಜಾಗಗಳಲ್ಲಿ ಕಂಬಿಯನ್ನು ಎರಡು ಪದರ ಹೆಣೆಸಿ, ಮೇಲೆ ದಪ್ಪ ಕಾಂಕ್ರೀಟ್ ಹಾಕಿಸಿದ. ಉಪ್ಪಿನ ತೇವ ಕಂಬಿಯನ್ನು ತಿನ್ನಬಾರದಲ್ಲ. ತೊಟ್ಟಿಗಳ ನಡುವಿನ ನೆಲ ಒಂದೇ ಕಡೆ ವಾಲುವಂತೆ ಮಾಡಿಸಿ ಮೂಲೆಯಲ್ಲಿ ಮೋರಿ ಕೊಡಿಸಿದ. ಬಾಗಿಲು ಲಾರಿ ನುಗ್ಗುವಷ್ಟು ಅಗಲ. ಗೋಡೆ ಎರಡು ಸಾಲು, ಸೆಕೆ ಒಳಗೆ ಬರದಂತೆ ನಡುವೆ ಸಂದು. ಕಿಟಕಿ ಒಂದೂ ಇಲ್ಲ. ಹವಳಕ್ಕೆ ದೀಪದ ಬೆಳಕು ಅಳತೆ ಮಾಡಿ ಕೊಡಬೇಕು. ಬಿಸಿಲು ಬಿದ್ದರೆ ನೀರು ಕಾಯುತ್ತದೆ, ಪಾಚಿ ಕಟ್ಟುತ್ತದೆ, ಹವಳ ಉಸಿರುಗಟ್ಟಿ ಸಾಯುತ್ತದೆ.

"ಏನಣ್ಣಾ, ಮೀನಿಗಾ ಆನೆಗಾ ಇದು?" ಎಂದು ಮೇಸ್ತ್ರಿ ದಿನಕ್ಕೊಂದು ಸಲ ಕೇಳುತ್ತಿದ್ದ.

"ಆನೆ ಆದ್ರೆ ಪರವಾಗಿಲ್ಲ ಮೇಸ್ತ್ರೀ, ನಿಂತಲ್ಲೇ ನಿಲ್ಲಲ್ಲ, ಆಚೀಚೆ ಕಾಲು ಬದಲಾಯಿಸುತ್ತೆ. ನೀರು ಕೂತ್ರೆ ಕೂತೇ ಬಿಡುತ್ತೆ."

ಇಷ್ಟೆಲ್ಲ ಯಾರ ಸಲುವಾಗಿ ಎಂದರೆ, ಮುಖ್ಯವಾಗಿ ಒಂದು ಹೊಸ ತೊಟ್ಟಿಯ ಸಲುವಾಗಿ. ಹಳೆಯವೆಲ್ಲ ಇದರ ಮುಂದೆ ಮರಿಗಳು. ಎರಡು ಸಾವಿರ ಲೀಟರ್ ಹಿಡಿಯುವ, ಆಳು ಮಲಗಿದರೂ ಜಾಗ ಉಳಿಯುವ ತೊಟ್ಟಿ. ಹೆಬ್ಬೆರಳು ಗಾತ್ರದಿಂದ ಬೆಳೆದು ಈಗ ಹೂಕೋಸಿನಷ್ಟಾಗಿದ್ದ ಆ ಮೊದಲ ಹವಳ ಅದರ ನಡುವೆ ಕೂರಬೇಕು ಎಂಬುದು ಅವನ ಬಹುದಿನದ ಆಸೆ. ಬೀದಿ ಕಡೆಯ ಗೋಡೆಗೆ ಒತ್ತಿಕೊಂಡಂತೆ ಅದಕ್ಕೆ ಜಾಗ ಮಾಡಿಸಿದ್ದ. ಕಟ್ಟಡದಲ್ಲೆಲ್ಲ ಅತ್ಯಂತ ದಪ್ಪ ನೆಲ ಅಲ್ಲಿಯದು. ಗಾಜಿನವನು ಬಂದು ಅಲ್ಲಿಯೇ ಹಲಗೆಗಳನ್ನು ಅಂಟಿಸಿಕೊಟ್ಟು ಹೋದ.

ಪರೀಕ್ಷೆಗೆಂದು ಮೊದಲು ಸಿಹಿನೀರು ತುಂಬಿಸಿದರು. ಅವನ ಜೀವ ಬಾಯಿಗೆ ಬಂದಿತ್ತು. ನೆಲ ವಾಲಿತೇ ಎಂದು ನೋಡಲು ರಸಮಟ್ಟ ಹಿಡಿದು ನಾಲ್ಕೂ ಮೂಲೆಗೆ ಓಡಾಡಿದ, ನೆಲಕ್ಕೆ ಕಿವಿಗೊಟ್ಟು ಮಲಗಿದ, ಗಾಜಿನ ಅಂಚಿಗೂ ನೀರಿನ ಅಂಚಿಗೂ ನಡುವಿನ ಅಂತರವನ್ನು ಬೆರಳಿಟ್ಟು ಅಳೆದ. ವಾರ ಕಳೆದರೂ ನೆಲ ಕೂದಲಷ್ಟೂ ಅಲ್ಲಾಡಲಿಲ್ಲ. ಮೇಸ್ತ್ರಿ ಅವನನ್ನು ತಬ್ಬಿಕೊಂಡು ಬೆನ್ನಿಗೆ ಗುದ್ದಿದ. ಉಪ್ಪುನೀರಣ್ಣ ನಗುತ್ತಾ ನಗುತ್ತಾ ಮನೆಗೆ ಬಂದ, ಸಾಮಾನು ಕಟ್ಟಬೇಕಿತ್ತಲ್ಲ.

ಬಂದು ನೋಡಿದರೆ ಅಡುಗೆ ಸಾಮಾನು ಡಬ್ಬಗಳಲ್ಲಿ ಸಿದ್ಧವಾಗಿತ್ತು. ಅವನ ಬಟ್ಟೆ ಮಡಚಿ ಗಂಟು ಕಟ್ಟಿತ್ತು. ಉಪ್ಪಿನ ಚೀಲ, ಪೈಪು, ದೀಪ, ಬಲೆ ಎಲ್ಲ ಬಾಗಿಲ ಬಳಿ ಬಂದು ನಿಂತಿತ್ತು. ಮಿಷನ್ನು ಮಾತ್ರ ಕಿಟಕಿಯ ಪಕ್ಕದಲ್ಲೇ ಇತ್ತು. ಅಕ್ಕ ಅದರ ಮುಂದೆ ಕೂತು ಯಾರದೋ ಕಾಲರ್ ಹೊಲಿಯುತ್ತಿದ್ದಳು.

"ಇದನ್ನ ಯಾವಾಗ ಕಟ್ಟೋದು ಅಕ್ಕ?"

"ಕಟ್ಟಲ್ಲ. ನೀನು ಹೋಗು. ನಾನು ಇಲ್ಲೇ ಇರ್ತೀನಿ. ಯಜಮಾನರ ಹತ್ರ ಮಾತಾಡಿದೀನಿ, ತೊಟ್ಟಿ ಹೋದ್ರೆ ಸಾಕು, ನೀನಿರಮ್ಮ ಅಂದ್ರು."

"ತಮಾಷೆ ಮಾಡ್ಬೇಡ."

"ತಮಾಷೆ ಯಾಕೆ ಮಾಡ್ಲಿ? ಊಟಕ್ಕೆ ಬಾ ದಿನಾ, ಇಲ್ಲ ಅಂದ್ನಾ? ಎರಡು ಬೀದಿ ತಾನೇ." ದಾರ ಕಡಿದು ಅವಳು ಅವನ ಕಡೆ ತಿರುಗಿದಳು. "ಹೋದ ವಾರ ನೀನು ನೀರು ತುಂಬ್ಸೋವಾಗ ನಾನು ಒಳಗೆ ಬಂದಿದ್ದೆ, ಗೊತ್ತಾ? ನಂಗೆ ಕೊಟ್ಟಿರೋ ರೂಮಲ್ಲಿ ಕೂತು ನೋಡ್ದೆ. ಸೂಜಿ ಕಣ್ಣು ಕಾಣ್ಲಿಲ್ಲ ಕಣೋ."

"ಟ್ಯೂಬ್‌ಲೈಟ್ ಹಾಕ್ಸಿದೀನಲ್ಲಾ! ಎರಡು ಹಾಕ್ಸಿದೀನಿ!"

"ಟ್ಯೂಬ್‌ಲೈಟಲ್ಲಿ ನೀಲಿ ದಾರಾನೂ ಕಪ್ಪು ದಾರಾನೂ ಒಂದೇ ಥರ. ಜನ ಬೈತಾರೆ. ಇಲ್ಲಿ ಕಿಟಕಿ ಇದೆ. ಬೆಳಕು ಬರುತ್ತೆ, ಬೀದಿ ಕಾಣುತ್ತೆ, ಹೋಗೋರು ಬರೋರು ನಾಲ್ಕು ಮಾತಾಡ್ತಾರೆ. ಅಲ್ಲಿ ಮೀನು ಮಾತಾಡುತ್ತಾ?"

"ಮೊದ್ಲೇ ಯಾಕೆ ಹೇಳ್ಲಿಲ್ಲ ನೀನು?"

"ನೀನ್ಯಾಕೆ ಕೇಳ್ಲಿಲ್ಲ?" ಎಂದಳು ಅಕ್ಕ. ಕೋಪವಿರಲಿಲ್ಲ ದನಿಯಲ್ಲಿ, ಅದೇ ಅವನಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ಅವನೂ ಬೈಯುತ್ತಿದ್ದ, ಸಂಜೆಗೆ ಸರಿಹೋಗುತ್ತಿತ್ತು.

ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಅಕ್ಕನ ಡಬ್ಬಿಯಿಂದ ಎರಡು ದಾರದ ಉಂಡೆ ಜೇಬಿಗಿಳಿಸಿಕೊಂಡು ಹೊಸ ಕಟ್ಟಡಕ್ಕೆ ಹೋಗಿ, ಅವಳ ರೂಮಿನಲ್ಲಿ ಟ್ಯೂಬ್‌ಲೈಟ್ ಹಾಕಿಕೊಂಡು ಕೂತ. ಒಂದು ನೀಲಿ, ಒಂದು ಕಪ್ಪು. ಯಾವುದು ಯಾವುದೆಂದು ಎಷ್ಟು ದಿಟ್ಟಿಸಿದರೂ ಬಗೆಹರಿಯಲಿಲ್ಲ. ಆ ಕೋಣೆಯ ಆಚೆ ಪಕ್ಕದ ಕಟ್ಟಡದ ಬೋಳು ಗೋಡೆ. ಅಲ್ಲಿ ಕಿಟಕಿ ಕೊರೆದರೂ ಕತ್ತಲೆಯೇ ಒಳಗೆ ಬರುವುದು. ಬೆಳಕು ಇದ್ದದ್ದು ಬೀದಿ ಕಡೆ ಒಂದೇ, ದೊಡ್ಡ ತೊಟ್ಟಿ ಕೂತಿದ್ದ ಕಡೆ. ಹವಳಕ್ಕೆ ಬೆಳಕು ಎಷ್ಟು, ಉಪ್ಪು ಎಷ್ಟು, ಸೆಕೆ ಎಷ್ಟು, ನೀರಿನ ಸೆಳೆತ ಎಷ್ಟು ಎಂದು ಕಂಡ ಕಂಡವರನ್ನೆಲ್ಲ ಕೇಳಿಕೊಂಡು ಓಡಾಡಿದವನು ತಾನು. ಅಕ್ಕನಿಗೆ ಏನು ಬೇಕು ಎಂದು ಒಂದೇ ಒಂದು ಸಲ ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಈ ಗಟ್ಟಿ ಕಟ್ಟಡದಲ್ಲಿ ತಾನೊಬ್ಬನೇ ಎದ್ದು, ಒಬ್ಬನೇ ಮೋಟರ್ ಸದ್ದು ಕೇಳುತ್ತಾ ಇರುವುದನ್ನು ಕಲ್ಪಿಸಿಕೊಂಡ. ಮೇಸ್ತ್ರಿಗೆ ಫೋನ್ ಮಾಡಿದ.

ಮೇಸ್ತ್ರಿ ಬಂದು ವಿಷಯ ಕೇಳಿ ತಲೆಯ ಮೇಲೆ ಕೈ ಹೊತ್ತ. "ಬೀದಿ ಗೋಡೆ ಒಡೀಬೇಕಾ? ಅಲ್ಲಣ್ಣಾ, ಬಿಸಿಲು ಬಿದ್ರೆ ನಿನ್ ದೊಡ್ಡ ತೊಟ್ಟಿ ಗತಿ?"

"ಅದಕ್ಕೆ ನೀರು ತುಂಬ್ಸಲ್ಲ."

"ಅಲ್ಲಿಂದ ಒಳಗಡೆ ಸರಿಸ್ಕೋ ಮತ್ತೆ."

"ಒಳಗಡೆ ಇರೋ ದಪ್ಪ ನೆಲ ಎಲ್ಲ ಹಳೇ ತೊಟ್ಟಿಗಳಿಗೆ ಸರಿಹೋಯ್ತು. ಬೇರೆ ಕಡೆ ಇಟ್ರೆ ನೆಲ ತಡೆಯಲ್ಲ, ನಿಂಗೇ ಗೊತ್ತು."

"ಅಂದ್ರೆ ಅಷ್ಟು ಕಂಬಿ, ಅಷ್ಟು ಕಾಂಕ್ರೀಟು, ಎಲ್ಲ ಒಂದು ಹೊಲಿಗೆ ಮಿಷನ್ನಿಗಾ?"

"ಹೂಂ" ಎಂದ ಉಪ್ಪುನೀರಣ್ಣ. ಸುಳ್ಳೇಕೆ, ಆ ತೊಟ್ಟಿಯ ಮೇಲೆ ಅವನಿಗೆ ಪ್ರಾಣವಿತ್ತು. ಅಂದು ತಾನೇ ಕೊಳವೆ ಹಾಕಿ ಅದರ ನೀರನ್ನು ಮೋರಿಗೆ ಬಿಟ್ಟು, ಕೊನೆಯ ಹನಿ ಇಳಿಯುವವರೆಗೂ ಪಕ್ಕದಲ್ಲೇ ನಿಂತಿದ್ದ.

ಖಾಲಿ ತೊಟ್ಟಿಯನ್ನು ಪಕ್ಕದ ಗೋಡೆಗೆ ಸರಿಸಲು ಎಂಟು ಜನ ಬೇಕಾದರು. ಎರಡು ಸಾಲಿನ ಗೋಡೆ ಸುಲಭಕ್ಕೆ ಬಗ್ಗಲಿಲ್ಲ, ಉಳಿ ಮೊಂಡಾಯಿತು, ಮೇಸ್ತ್ರಿ ತಾನು ಕಟ್ಟಿದ ಗೋಡೆಯನ್ನು ತಾನೇ ಬೈದುಕೊಂಡ. ತೊಟ್ಟಿಗಳ ಹಾಲಿನ ನಡುವೆ ಅಡ್ಡಗೋಡೆ ಎದ್ದಿತು. ಹಿಂದೆ ಕತ್ತಲಲ್ಲಿ ಹವಳ, ಮುಂದೆ ಬೆಳಕಿನಲ್ಲಿ ಅಕ್ಕನ ಜಾಗ. ಬೀದಿಗೆ ತೆರೆದ ಕಿಟಕಿ ಎಷ್ಟು ದೊಡ್ಡದಾಗಿತ್ತೆಂದರೆ ದಾರಿಹೋಕರು ಅಂಗಡಿ ಎಂದೇ ತಿಳಿದರು.

ಅಕ್ಕನನ್ನು ಕರೆತಂದು ತೋರಿಸಿದ ದಿನ ಅವಳು ಮೊದಲು ಕಿಟಕಿ ನೋಡಲಿಲ್ಲ, ತೊಟ್ಟಿ ನೋಡಿದಳು.

"ಇದರಲ್ಲಿ ನೀರೆಲ್ಲೋ?"

"ಇಲ್ಲ. ಇಲ್ಲಿ ಬಿಸಿಲು ಬರುತ್ತೆ."

ಅಕ್ಕನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಅಯ್ಯೋ ಮೂರ್ಖ! ಯಾರು ಹೇಳಿದ್ರು ನಿಂಗೆ ಹೀಗೆ ಮಾಡು ಅಂತ? ಬುದ್ಧಿ ಇದ್ಯಾ ನಿಂಗೆ? ಅಷ್ಟು ಆಸೆಪಟ್ಟು ಮಾಡ್ಸಿದ್ದು!" ಬೈದಳು, ಬೈದಳು, ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಚಿಕ್ಕಂದಿನಲ್ಲಿ ನಿಲ್ಲುತ್ತಿದ್ದಂತೆಯೇ ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ ಅವಳು ಗಾಜಿನ ಮೇಲೆ ಕೈಯಾಡಿಸಿ, "ಸುಮ್ನೆ ಬಿಡೋಕಾಗುತ್ತಾ ಇದನ್ನ. ಹೊಲಿದ ಬಟ್ಟೆ ಇಡ್ತೀನಿ. ಧೂಳು ಬೀಳಲ್ಲ" ಎಂದಳು. ಸಂಜೆಯೊಳಗೆ ಮಿಷನ್ನು ಬಂತು. ಆ ಊರಿನಲ್ಲಿ ಅಷ್ಟು ಗಟ್ಟಿ ನೆಲದ ಮೇಲೆ ಕೂತ ಹೊಲಿಗೆ ಮಿಷನ್ನು ಇನ್ನೊಂದಿರಲಾರದು.

ಎರಡು ಸಾವಿರ ಲೀಟರ್ ಹಿಡಿಯುವ ತೊಟ್ಟಿಯಲ್ಲಿ ಈಗ ಅಂಗಿಗಳು, ಲಂಗಗಳು, ಸಮವಸ್ತ್ರಗಳು ಮಡಿಕೆಯಾಗಿ ಕೂತಿವೆ. ಹಾದು ಹೋಗುವಾಗ ಉಪ್ಪುನೀರಣ್ಣನಿಗೆ ಒಮ್ಮೊಮ್ಮೆ ಕರುಳು ಚುರ್ರೆನ್ನುತ್ತದೆ, ಇಲ್ಲವೆನ್ನುವುದಿಲ್ಲ. ಅಷ್ಟರಲ್ಲಿ ಅಕ್ಕ ಹೊಲಿಯುತ್ತಲೇ, ಅಡ್ಡಗೋಡೆಯ ಆಚೆಯ ಸದ್ದಿಗೆ ಕಿವಿಗೊಟ್ಟು, "ಲೋ, ಎರಡನೇದು ಯಾಕೋ ಗೊರಗೊರ ಅಂತಿದೆ, ನೋಡು" ಎನ್ನುತ್ತಾಳೆ. ಅವನು ಓಡುತ್ತಾನೆ.

ಮೊನ್ನೆ ದೂರದ ಊರಿನಿಂದ ಹವಳ ನೋಡಲೆಂದೇ ಒಬ್ಬರು ಹುಡುಕಿಕೊಂಡು ಬಂದರು. ಕಿಟಕಿಯ ಬಳಿ ನಿಂತು, ಬಟ್ಟೆ ತುಂಬಿದ ತೊಟ್ಟಿ ಕಂಡು ಗಲಿಬಿಲಿಯಾಗಿ, "ಹವಳದ ಮನೆ ಅಂದ್ರೆ ಇದೇನಾ?" ಎಂದು ಕೇಳಿದರು.

"ಅಲ್ಲ ಸಾರ್, ಇದು ನಮ್ಮಕ್ಕನ ಅಂಗಡಿ" ಎಂದ ಉಪ್ಪುನೀರಣ್ಣ. "ಹಿಂದ್ಗಡೆ ನಾನೂ ನನ್ ಮೀನುಗಳೂ ಇದೀವಿ. ಬನ್ನಿ."

"ಬಾಡಿಗೇನೂ ಕೊಡದೆ ಇದೀನಿ ಅಂತ್ಲೂ ಹೇಳೋ ಅವರಿಗೆ!" ಎಂದು ಅಕ್ಕ ಒಳಗಿನಿಂದ ಕೂಗಿದಳು.